ನೆಲಕ್ಕೆ ಕೆಂಪು, ಸೂಜಿಗೆ ಬೆಳಕು

ಬಾಡಿಗೆ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಓನರ್ ಆಂಟಿಯ ಮುಖ ನೋಡಬೇಕು. ನನಗೆ ಇಪ್ಪತ್ತು ತುಂಬುವಷ್ಟರಲ್ಲಿ ನಾವು ತಿಪಟೂರಿನಲ್ಲೇ ಐದು ಮನೆ ಬದಲಾಯಿಸಿದ್ದೆವು. ಸಂಕ್ರಾಂತಿ ಕಳೆದ ಮೇಲೆ ಅಪ್ಪ ಹಳೇ ಬೀದಿಯೊಂದರಲ್ಲಿ ಹೆಂಚಿನ ಮನೆ ಕೊಂಡಾಗ ನಾನು ಮಾಡಿದ ಮೊದಲ ಕೆಲಸ ಹಾಲ್‌ನ ಗೋಡೆಗೆ ಮೊಳೆ ಹೊಡೆದದ್ದು. ನೇತುಹಾಕಲು ಏನೂ ಇರಲಿಲ್ಲ, ಸುಮ್ಮನೆ ಹೊಡೆದೆ. ಅಂಗೈಯಗಲ ಗಾರೆ ಉದುರಿ ಕಾಲ ಮೇಲೆ ಬಿತ್ತು. ಅಪ್ಪ ನಕ್ಕು, ‘ಬಿಡಮ್ಮ, ಇನ್ಮೇಲೆ ಉದುರಿದ್ದೂ ನಮ್ದೇ’ ಅಂದರು.

ಉದುರುವುದಕ್ಕೆ ಇನ್ನೂ ಬೇಕಾದಷ್ಟಿತ್ತು. ಹಾಲ್, ಒಂದು ಕೋಣೆ, ಅಡುಗೆಮನೆ, ಇಷ್ಟೇ ಮನೆ. ಅಡುಗೆಮನೆಗೆ ಕಡಪ ಕಲ್ಲು ಹಾಕಿದ್ದರು, ಅದು ಗಟ್ಟಿಯಾಗಿತ್ತು. ಉಳಿದೆಡೆ ಹಳೆಯ ಸಿಮೆಂಟ್ ನೆಲ, ಅದರ ತುಂಬ ಗುಂಡಿ. ನೆಲ ಒರೆಸಿದರೆ ಬಟ್ಟೆಗೆ ಮರಳು ಅಂಟಿಕೊಂಡು ಬರುತ್ತಿತ್ತು. ಗೋಡೆಗೆ ಯಾವ ಕಾಲದಲ್ಲೋ ಹೊಡೆದ ಕಡು ಹಸಿರು ಆಯಿಲ್ ಪೇಂಟ್. ನಡುಮಧ್ಯಾಹ್ನವೂ ಒಳಗೆ ಲೈಟ್ ಹಾಕಬೇಕು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಅಪ್ಪನ ಕೈಯಲ್ಲಿ ಸಾಲ, ರಿಜಿಸ್ಟ್ರೇಷನ್, ಹಾಲು ಉಕ್ಕಿಸಿದ ಖರ್ಚು ಎಲ್ಲ ಕಳೆದು ಉಳಿದಿದ್ದು 24,000 ರೂಪಾಯಿ. ಎರಡು ಕಡೆಗೆ ವಿಟ್ರಿಫೈಡ್ ಟೈಲ್ಸ್ ಹಾಕಿಸಲು ಅಂಗಡಿಯವರು ಕೂಲಿ ಸೇರಿಸಿ ಹೇಳಿದ ಲೆಕ್ಕ ಇದಕ್ಕಿಂತ ಜಾಸ್ತಿ ಇತ್ತು. ಅಜ್ಜಿಗೆ ಹೇಗೂ ಟೈಲ್ಸ್ ಬೇಡವಾಗಿತ್ತು. ನೆಂಟರ ಮನೆಯಲ್ಲಿ ಒದ್ದೆ ಟೈಲ್ಸ್ ಮೇಲೆ ಜಾರಿ ಬಿದ್ದು ಮೂರು ತಿಂಗಳು ಸೊಂಟ ಹಿಡಿದುಕೊಂಡು ಓಡಾಡಿದವಳು.

ಆಗ ಬಾಯಿ ಹಾಕಿದ್ದು ನಾನು. ‘ರೆಡ್ ಆಕ್ಸೈಡ್ ನೆಲ ಮಾಡೋಣ. ನಾನೇ ಮಾಡ್ತೀನಿ.’

ಓದುತ್ತಿರುವುದು ಬಿಇ ಸಿವಿಲ್, ಮೂರನೇ ವರ್ಷ. ಸೆಮಿಸ್ಟರ್ ಪರೀಕ್ಷೆ ಮುಗಿದು ರಜೆ ಬಂದಿತ್ತು. ಕಾಂಕ್ರೀಟ್ ಟೆಕ್ನಾಲಜಿಯಲ್ಲಿ ಒಳ್ಳೆಯ ಮಾರ್ಕ್ಸ್ ಇತ್ತು. ಕರಣೆಯನ್ನು ಮಾತ್ರ ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಲಿಲ್ಲ.

ಮೊದಲು ಕೋಣೆ. ಹತ್ತಡಿಗೆ ಹತ್ತಡಿ. ಮೂರು ಮೂಟೆ ಸಿಮೆಂಟ್, ಎಂ-ಸ್ಯಾಂಡ್, ಆಕ್ಸೈಡ್ ಪುಡಿ ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು. ನಾನು ಮತ್ತು ಚಿಕ್ಕಪ್ಪನ ಮಗ ಸೇರಿ ಎರಡು ದಿನ ಉಳಿ, ಸುತ್ತಿಗೆ ಹಿಡಿದು ಹಳೆಯ ನೆಲ ಕಿತ್ತೆವು. ತಳಕ್ಕೆ ಒಂದಕ್ಕೆ ನಾಲ್ಕರ ಗಾರೆ ಒಂದಿಂಚು ಹಾಕಿ, ಅದರ ಮೇಲೆ ಸಿಮೆಂಟ್ ಮತ್ತು ಆಕ್ಸೈಡ್ ಕಲಸಿದ ಕೆಂಪು ಪದರ ಎಳೆದೆವು. ಕೆಂಪು ಪದರ ಕರಣೆಗೆ ಬಾಗಲಿಲ್ಲ. ಇನ್ನಷ್ಟು ನೀರು ಹಾಕಿದೆ. ಆಹಾ, ಬೆಣ್ಣೆಯ ಹಾಗೆ ಹರಡಿತು. ಸಂಜೆಗೆ ಕೋಣೆ ಕುಂಕುಮ ಚೆಲ್ಲಿದಂತೆ ಕಾಣುತ್ತಿತ್ತು. ಬೇಗ ಒಣಗಲಿ ಎಂದು ಬಾಗಿಲಲ್ಲಿ ಟೇಬಲ್ ಫ್ಯಾನ್ ಇಟ್ಟು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ನೆಲದ ತುಂಬ ಜೇಡರ ಬಲೆ. ಕೂದಲೆಳೆಯಂಥ ಬಿರುಕುಗಳು, ಗೋಡೆಯಿಂದ ಗೋಡೆಗೆ. ಒಂದು ಮೂಲೆಯಲ್ಲಿ ತಟ್ಟಿದರೆ ಟೊಳ್ಳು ಸದ್ದು.

ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಮೇಲ್ಮೈಯ ನೀರು ಬೇಗ ಹಾರಿಹೋದರೆ ಮೇಲಿನ ಪದರ ಕುಗ್ಗುತ್ತದೆ, ಕೆಳಗಿನದು ಕುಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಕಲಸುವಾಗ ನೀರು ಹೆಚ್ಚಾದಷ್ಟೂ ಬಲ ಕಡಿಮೆ. ಏಳು ದಿನಕ್ಕೆ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಬಲ ಬರುತ್ತದೆ, ಪೂರ್ತಿ ಲೆಕ್ಕ 28 ದಿನಕ್ಕೆ. ಇಷ್ಟನ್ನೂ ನಾನು ಉತ್ತರ ಪತ್ರಿಕೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಶಿವರಾತ್ರಿ ಹೊತ್ತಿನ ಒಣಗಾಳಿಯಲ್ಲಿ ಅದೇ ಸಿಮೆಂಟಿಗೆ ಫ್ಯಾನ್ ಹಾಕಿ ಮಲಗಿದವಳೂ ನಾನೇ.

ಕೈಗಳ ಕಥೆ ಬೇರೆ. ಗ್ಲೌಸ್ ಹಾಕದೆ ಕಲಸಿದ್ದೆ. ಹಸಿ ಸಿಮೆಂಟ್ ಕಡು ಕ್ಷಾರ, ಚರ್ಮ ಸುಡುತ್ತದೆ. ಬೆರಳ ತುದಿಗಳು ಸಿಪ್ಪೆ ಎದ್ದು ನಾಲ್ಕು ದಿನ ಅನ್ನ ಕಲಸಿ ತಿನ್ನಲಾಗದೆ ಚಮಚ ಹಿಡಿದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋಣೆಯ ಬಾಗಿಲಲ್ಲಿ ನಿಂತು ನೋಡಿ, ಜೇಬಿನಿಂದ ಚೀಟಿ ತೆಗೆದು 24,000ದಲ್ಲಿ ಇನ್ನೆಷ್ಟು ಉಳಿದಿದೆ ಎಂದು ಕಳೆದು ಬರೆದುಕೊಂಡರು.

ಅಜ್ಜಿ ಪಕ್ಕದ ಬೀದಿಯಿಂದ ಒಬ್ಬ ಮೇಸ್ತ್ರಿ ತಾತನನ್ನು ಕರೆತಂದಳು. ಮಂಡಿ ನೋವಿನಿಂದ ಕೆಲಸ ಬಿಟ್ಟು ವರ್ಷಗಳಾಗಿದ್ದವು. ತಾತ ಕೋಣೆ ನೋಡಿ ಕರಣೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ, ‘ಫ್ಯಾನ್ ಹಾಕಿದ್ಯೇನವ್ವಾ?’ ಅಂದರು. ಯಾರೂ ಹೇಳಿರಲಿಲ್ಲ! ‘ನಾನು ಕೂತ್ಕೊಂಡು ಹೇಳ್ತೀನಿ, ಬಗ್ಗೋದು ನಿಂದು’ ಎಂದು ಒಪ್ಪಂದವಾಯಿತು. ಕೂಲಿ ಬೇಡ ಅಂದರು. ದಿನಕ್ಕೆ ಎರಡು ಸಲ ಕಾಫಿ, ಮಧ್ಯಾಹ್ನಕ್ಕೆ ಮುದ್ದೆ.

ಹಾಲ್‌ನ ಕೆಲಸಕ್ಕೆ ಹತ್ತು ದಿನ ಹಿಡಿಯಿತು. ಅದರಲ್ಲಿ ಕೆಲಸ ಅನ್ನುವಂಥದ್ದು ಮೂರೇ ದಿನ, ಉಳಿದದ್ದೆಲ್ಲ ನೀರು. ಹಳೆಯ ನೆಲ ಕಿತ್ತ ಮೇಲೆ ತಾತ ಒಂದು ದಿನ ಪೂರ್ತಿ ಅದಕ್ಕೆ ನೀರು ಕುಡಿಸಿದರು. ಇಲ್ಲದಿದ್ದರೆ ಹಳೆಯ ತಳ ಹೊಸ ಗಾರೆಯ ನೀರನ್ನು ಹೀರಿಕೊಳ್ಳುತ್ತದೆ. ನನ್ನ ಕೋಣೆಯ ಟೊಳ್ಳು ಮೂಲೆಗೆ ಕಾರಣ ಅದೇ. ತಳದ ಗಾರೆಗೆ ನೀರಿನ ಅಳತೆ ಹೀಗೆ: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ಇಳಿಯಬಾರದು. ಕೆಂಪು ಪದರಕ್ಕೆ ಮೂರು ಪಾಲು ಸಿಮೆಂಟ್, ಒಂದು ಪಾಲು ಆಕ್ಸೈಡ್. ಇಡೀ ಹಾಲ್‌ಗೆ ಬೇಕಾಗುವಷ್ಟನ್ನು ಒಣದಾಗಿಯೇ ಒಟ್ಟಿಗೆ ಜರಡಿ ಹಿಡಿದು ಬೆರೆಸಿಟ್ಟುಕೊಳ್ಳಬೇಕು. ಬಾಂಡ್ಲಿ ಬಾಂಡ್ಲಿಗೆ ಬೇರೆ ಬೇರೆ ಬೆರೆಸಿದರೆ ಬಣ್ಣ ತೇಪೆ ತೇಪೆಯಾಗುತ್ತದೆ. ಶುರು ಮಾಡಿದ ಮೇಲೆ ಆ ದಿನವೇ ಮುಗಿಸಬೇಕು, ಅರ್ಧ ಬಿಟ್ಟರೆ ಬಿಟ್ಟ ಗೆರೆ ಜೀವಮಾನವಿಡೀ ಕಾಣುತ್ತದೆ.

ಆಮೇಲೆ ತಾತ ಅಮ್ಮನ ಹತ್ತಿರ ದಪ್ಪ ದಾರ ಕೇಳಿದರು. ಹಸಿ ನೆಲದ ಮೇಲೆ ದಾರ ಬಿಗಿಹಿಡಿದು ಒತ್ತಿ, ಮೂರಡಿಗೊಂದರಂತೆ ಚೌಕ ಗೆರೆ ಹಾಕಿಸಿದರು. ಹಳೆಯ ಮನೆಗಳ ಕೆಂಪು ನೆಲದಲ್ಲಿ ಈ ಗೆರೆಗಳನ್ನು ನೀವೂ ನೋಡಿರಬಹುದು. ಅದು ಅಲಂಕಾರಕ್ಕೆ ಎಂದುಕೊಂಡಿದ್ದೆ. ‘ಸಿಮೆಂಟು ಒಡೆಯೋದೇ ಕಣವ್ವಾ. ಎಲ್ಲಿ ಒಡೀಬೇಕು ಅಂತ ನಾವು ಹೇಳ್ಬೇಕು’ ಅಂದರು ತಾತ. ನಮ್ಮ ಪುಸ್ತಕದಲ್ಲಿ ಇದಕ್ಕೆ ಕಂಟ್ರೋಲ್ ಜಾಯಿಂಟ್ ಎಂಬ ಹೆಸರಿದೆ. ತಾತನಿಗೆ ಹೇಳಿದೆ. ‘ಹೆಸರು ಚೆನ್ನಾಗೈತೆ’ ಅಂದು ಬೀಡಿ ಹಚ್ಚಿದರು.

ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ಬೆರಳು ಇಳಿಯಬಾರದು. ಆ ಹೊತ್ತಿಗೆ ಒಣ ಕೆಂಪು ಪುಡಿ ತೆಳ್ಳಗೆ ಉದುರಿಸಿ ಕರಣೆಯಿಂದ ಒತ್ತಿ ಒತ್ತಿ ಉಜ್ಜಬೇಕು. ಈ ಉಜ್ಜುವ ಕೆಲಸವೇ ನೆಲದ ಹೊಳಪು. ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರವರೆಗೆ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಉಜ್ಜಿದೆ. ಸೊಂಟ ನನ್ನದಲ್ಲ ಅನ್ನಿಸಿತ್ತು. ಮರುದಿನ ಬೆಳಿಗ್ಗೆ ಹೊಸ್ತಿಲಿಗೆ ಮಣ್ಣಿನ ಒಡ್ಡು ಕಟ್ಟಿ ಹಾಲ್‌ಗೆ ನೀರು ನಿಲ್ಲಿಸಿದೆವು. ಆರು ದಿನ ನಮ್ಮ ಹಾಲ್ ಕೆರೆ. ಹಿತ್ತಲ ಬಾಗಿಲಿನಿಂದ ಓಡಾಟ, ಅಡುಗೆಮನೆಯಲ್ಲೇ ಎಲ್ಲರ ನಿದ್ದೆ. ನೀರು ಇಳಿಸಿದ ದಿನ ಒಂದು ಬಿರುಕೂ ಇರಲಿಲ್ಲ. ಅಂದರೆ, ಇತ್ತು. ಕಿಟಕಿಯ ಕೆಳಗೆ ಒಂದು. ಸರಿಯಾಗಿ ದಾರದ ಗೆರೆಯ ಒಳಗೇ.

ನೆಲ ಪೂರ್ತಿ ಒಣಗಿದ ಮೇಲೆ ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿದಳು. ತಿಪಟೂರಿನಲ್ಲಿ ಅದಕ್ಕೇನು ಬರ. ಬಟ್ಟೆಗೆ ಎಷ್ಟು ಬೇಕೋ ಅಷ್ಟೇ ಎಣ್ಣೆ, ನೆಲಕ್ಕೆ ಸುರಿಯುವಂತಿಲ್ಲ. ಸುರಿದರೆ ಟೈಲ್ಸ್‌ಗಿಂತ ಹೆಚ್ಚು ಜಾರುತ್ತದೆ.

ಇನ್ನು ಬೆಳಕು. ನಿಜ ಹೇಳಬೇಕೆಂದರೆ ನೆಲಕ್ಕಿಂತ ಮೊದಲು ನೋಡಬೇಕಿದ್ದದ್ದು ಇದನ್ನೇ. ಅಮ್ಮ ಸೀರೆಗೆ ಫಾಲ್ಸ್, ಕುಚ್ಚು ಹಾಕುತ್ತಾಳೆ. ನನ್ನ ಹಾಸ್ಟೆಲ್ ಫೀಸಿನ ಅರ್ಧ ಆ ಕುಚ್ಚುಗಳಿಂದಲೇ ಬರುತ್ತದೆ. ಹೊಸ ಮನೆಗೆ ಬಂದ ಹದಿನೈದು ದಿನಕ್ಕೆ ಒಂದು ರೇಷ್ಮೆ ಸೀರೆ ವಾಪಸ್ ಬಂತು. ಮರೂನ್ ಸೆರಗಿಗೆ ಕಾಫಿ ಬಣ್ಣದ ದಾರದಲ್ಲಿ ಕುಚ್ಚು ಕಟ್ಟಿದ್ದಳು. ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಯಿತು, ದುಡ್ಡಿಲ್ಲದೆ. ‘ಕಣ್ಣು ಹೋಯ್ತು ಕಣೇ ನಂದು’ ಎಂದು ಅಮ್ಮ ಮೆತ್ತಗೆ ಅಂದದ್ದು ನನಗೆ ಬಿರುಕಿಗಿಂತ ಹೆಚ್ಚು ನಾಟಿತು. ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಕನ್ನಡಕದ ನಂಬರ್ ಕಾಲು ಪಾಯಿಂಟ್ ಏರಿತ್ತು, ಅಷ್ಟೇ.

ಮೊಬೈಲ್‌ನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಸೂಜಿಯ ಹತ್ತಿರ ಹಿಡಿದೆ. 50 ಲಕ್ಸ್. ಈ ಆ್ಯಪ್‌ಗಳು ಕರಾರುವಾಕ್ಕಲ್ಲ, ಆದರೂ ಓದುವ ಮೇಜಿಗೇ 300 ಲಕ್ಸ್ ಬೇಕು ಎನ್ನುವಾಗ ಇದು ತೀರಾ ಕಡಿಮೆ. ಕಾರಣ ಹುಡುಕಲು ಇಂಜಿನಿಯರಿಂಗ್ ಬೇಕಿರಲಿಲ್ಲ. ಟ್ಯೂಬ್‌ಲೈಟ್ ಅಮ್ಮನ ಬೆನ್ನ ಹಿಂದಿನ ಗೋಡೆಯಲ್ಲಿತ್ತು. ಅವಳ ನೆರಳು ಅವಳ ಕೈಯ ಮೇಲೇ ಬೀಳುತ್ತಿತ್ತು. ಉಳಿದ ಬೆಳಕನ್ನು ಹಸಿರು ಗೋಡೆ ನುಂಗುತ್ತಿತ್ತು.

ಗೋಡೆಗೆ ಮರಳು ಕಾಗದ ಉಜ್ಜಿ, ಪ್ರೈಮರ್ ಹೊಡೆದು, ಎರಡು ಕೋಟ್ ಬಿಳಿ ಡಿಸ್ಟೆಂಪರ್ ಬಳಿದೆವು. ಹಳೆಯ 40 ವ್ಯಾಟ್‌ನ ಟ್ಯೂಬ್ ಮತ್ತು ಅದರ ಚೋಕ್ ತೆಗೆದು 20 ವ್ಯಾಟ್‌ನ ಎಲ್‌ಇಡಿ ಬ್ಯಾಟನ್. ಅಮ್ಮ ಕೂರುವ ಜಾಗದಲ್ಲಿ, ಅವಳ ಎಡಗಡೆ ಎರಡಡಿ ಎತ್ತರಕ್ಕೆ ಒಂದು ಪ್ರತ್ಯೇಕ ದೀಪ. ಬಲಗೈಯಲ್ಲಿ ಸೂಜಿ ಹಿಡಿಯುವವರಿಗೆ ಬೆಳಕು ಎಡದಿಂದ ಬರಬೇಕು. ಬಲ್ಬ್‌ನಿಂದ ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಆದ್ದರಿಂದ ಸೂರಿಗೆ ದೊಡ್ಡ ದೀಪ ಹಾಕುವುದಕ್ಕಿಂತ ಕೈಯ ಹತ್ತಿರ ಸಣ್ಣದು ಅಗ್ಗ. ಈಗ ಅದೇ ಆ್ಯಪ್ 500ರ ಆಸುಪಾಸು ತೋರಿಸುತ್ತದೆ.

ಆದರೂ ಮರೂನ್ ಮರೂನ್‌ನಂತೆ ಕಾಣಲಿಲ್ಲ. ಎಲೆಕ್ಟ್ರಿಕಲ್ ಓದುವ ರೂಮ್‌ಮೇಟ್‌ಗೆ ಫೋನ್ ಮಾಡಿದಾಗ ಗೊತ್ತಾಯಿತು. ಬಲ್ಬ್ ಡಬ್ಬಿಯ ಮೇಲೆ ಸಿಆರ್‌ಐ ಎಂಬ ಸಂಖ್ಯೆ ಇರುತ್ತದೆ. ಬಣ್ಣಗಳನ್ನು ಬಿಸಿಲಿನಲ್ಲಿ ಕಂಡಂತೆ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು, ನೂರಕ್ಕೆ ಇಷ್ಟು ಎಂದು. ಸಾಮಾನ್ಯ ಎಲ್‌ಇಡಿಗಳಲ್ಲಿ 80ರ ಹತ್ತಿರ. ಅದು ಎಂಟು ತೆಳು ಬಣ್ಣಗಳ ಸರಾಸರಿ, ಅದರಲ್ಲಿ ಕಡು ಕೆಂಪು ಇಲ್ಲವೇ ಇಲ್ಲ! ಹಾಗಾಗಿ 80 ಬಂದ ಬಲ್ಬ್ ಕೂಡ ಕೆಂಪಿನಲ್ಲಿ ಫೇಲ್ ಆಗಿರಬಹುದು. ತುಮಕೂರಿನಿಂದ 90 ಮೀರಿದ ಬಲ್ಬ್ ಹುಡುಕಿ ತಂದೆ. ಬೆಲೆ ಜಾಸ್ತಿ, ಆದರೆ ಬೇಕಿದ್ದದ್ದು ಒಂದೇ.

ಬಲ್ಬ್, ಬ್ಯಾಟನ್ ಬದಲಾಯಿಸುವುದನ್ನು ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ನಾನೇ ಮಾಡಿದೆ. ಹೊಸ ಪಾಯಿಂಟ್‌ಗೆ ಮಾತ್ರ ಕೈ ಹಾಕಲಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅಣ್ಣ ಬಂದು ಬೋರ್ಡ್ ಬಿಚ್ಚಿದವರೇ ‘ಇದ್ರಲ್ಲಿ ಅರ್ಥಿಂಗೇ ಇಲ್ವಲ್ಲ’ ಅಂದರು. ಅದೇ ಬೋರ್ಡ್‌ಗೆ ಅಮ್ಮ ದಿನಾ ಇಸ್ತ್ರಿಪೆಟ್ಟಿಗೆ ಸಿಕ್ಕಿಸುತ್ತಿದ್ದಳು. ಅರ್ಥಿಂಗ್, ಕರೆಂಟ್ ಸೋರಿದರೆ ತಟ್ಟನೆ ಆಫ್ ಆಗುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಕೂಲಿ ಎಲ್ಲ ಸೇರಿ ನಮ್ಮ ಖರ್ಚಿನಲ್ಲಿ ದೊಡ್ಡ ಬಾಬ್ತು ಅದೇ ಆಯಿತು. ನೋಡಿದವರ್‍ಯಾರೂ ಅದನ್ನು ಹೊಗಳುವುದಿಲ್ಲ. ನೆಲವನ್ನು ಹೊಗಳುತ್ತಾರೆ.

ಹಗಲಿಗೆ ಗಾಜಿನ ಹೆಂಚು. ಅಮ್ಮ ಕೂರುವ ಜಾಗದ ಮೇಲೆ ಎರಡು ಹೆಂಚು ತೆಗೆದು ಗಾಜಿನವು ಕೂರಿಸಿದೆವು. ನೇರ ಬಿಸಿಲು ಬೀಳಬಾರದೆಂದು ಜಾಣತನದಿಂದ ಉತ್ತರದ ಇಳಿಜಾರು ಆರಿಸಿದ್ದೆ. ಮೇ ತಿಂಗಳಲ್ಲಿ ಊರಿಗೆ ಬಂದಾಗ ಮಧ್ಯಾಹ್ನದ ಬಿಸಿಲು ನೆಟ್ಟಗೆ ಸೀರೆಯ ಮೇಲೆ! ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ ಎನ್ನುವುದು ಆಗ ನೆನಪಾಯಿತು. ಈಗ ಹೆಂಚಿನ ಕೆಳಗೆ ಅಪ್ಪನ ಹಳೆಯ ಬಿಳಿ ಪಂಚೆಯ ತುಂಡು ಕಟ್ಟಿದೆ. ಬೆಳಕು ಸೋಸಿ ಬರುತ್ತದೆ, ನೋಡಲು ಮಾತ್ರ ಚೆನ್ನಾಗಿಲ್ಲ.

ಬಿರುಕಿನ ಕೋಣೆ ಹಾಗೇ ಇದೆ. ಕಿತ್ತು ಮತ್ತೆ ಮಾಡಲು ದುಡ್ಡು ಉಳಿಯಲಿಲ್ಲ. ಟೊಳ್ಳು ಮೂಲೆಯ ಮೇಲೆ ಅಕ್ಕಿ ಡ್ರಮ್ ಇಟ್ಟಿದ್ದೇವೆ. ಮುಂದಿನ ರಜೆಗೆ ಸಿಮೆಂಟ್ ತರಿಸಬೇಕು, ತಾತನ ಮಂಡಿ ನೋವು ಅಷ್ಟರಲ್ಲಿ ಇನ್ನೂ ಹೆಚ್ಚಾಗದಿರಲಿ. ಮನೆಗೆ ಬಂದ ನೆಂಟರಿಗೆ ಅಪ್ಪ ಹಾಲ್ ತೋರಿಸುತ್ತ ‘ನಮ್ಮ ಮಗಳು ಮಾಡಿದ್ದು’ ಅನ್ನುತ್ತಾರೆ. ಕೋಣೆಯ ಬಾಗಿಲು ಮುಂದೆ ಮಾಡಿರುತ್ತಾರೆ.

ಕಳೆದ ಶನಿವಾರ ರಾತ್ರಿ ಊಟವಾದ ಮೇಲೆ ಅಮ್ಮ ದಾರದ ಡಬ್ಬಿ ತೆಗೆದು ಕುಳಿತಿದ್ದಳು. ಸಹಾಯ ಮಾಡೋಣವೆಂದು ಒಂದು ಉಂಡೆ ಎತ್ತಿ ‘ಈ ಸೆರಗಿಗೆ ಇದೇ ಅಲ್ವಾ, ಮರೂನ್?’ ಅಂದೆ. ಅಮ್ಮ ದೀಪದ ಕೆಳಗೆ ಸೆರಗು, ದಾರ ಎರಡನ್ನೂ ಹಿಡಿದು ನೋಡಿ ವಾಪಸ್ ಕೊಟ್ಟಳು.

‘ಇದು ವೈನ್ ಕಲರ್ ಕಣೇ. ನಿಂಗೆ ಕಣ್ಣು ಕಾಣಲ್ವಾ?’