ಕೈ ಮುಗಿಯಲು ಮತ್ತೆ ಕಲಿತೆ

ಆಗ ಐರ್ಲೆಂಡಿನಲ್ಲಿದ್ದವರು 2010ರ ಡಿಸೆಂಬರ್ ಚಳಿಯನ್ನು ಮರೆತಿರಲಾರರು. ಡಬ್ಲಿನ್ನಿನ ರಸ್ತೆಗಳಲ್ಲಿ ಹಿಮ ಗಟ್ಟಿಯಾಗಿ ಗಾಜಿನಂತಾಗಿತ್ತು. ಕ್ರಿಸ್‌ಮಸ್‌ಗೆ ನಾಲ್ಕು ದಿನವಿರುವಾಗ ಹಾಲು ತರಲು ಹೊರಟ ನಾನು ಮನೆ ಮುಂದೆಯೇ ಜಾರಿದೆ. ಬೀಳುವಾಗ ಬಲಗೈ ಊರಿದ್ದೇ ತಪ್ಪಾಯಿತು. ಮಣಿಕಟ್ಟು ಊಟದ ಫೋರ್ಕಿನ ಬೆನ್ನಿನಂತೆ ಡೊಂಕಾಯಿತು.

ಎಕ್ಸ್-ರೇ ನೋಡಿದ ವೈದ್ಯರು "ಕಾಲಿಸ್ ಫ್ರ್ಯಾಕ್ಚರ್, ನಮ್ಮೂರಿನವರದೇ ಹೆಸರು" ಎಂದು ನಕ್ಕರು. ಅಬ್ರಹಾಂ ಕಾಲಿಸ್ ಡಬ್ಲಿನ್ನಿನ ಶಸ್ತ್ರವೈದ್ಯರು. ಮಣಿಕಟ್ಟಿನ ಕೀಲು ತಪ್ಪಿದೆ ಎಂದೇ ಹೆಚ್ಚಿನವರು ತಿಳಿದಿದ್ದ ಕಾಲದಲ್ಲಿ, ಅದು ಮೂಳೆಯ ಮುರಿತವೆಂದು 1814ರಲ್ಲಿ ಬರೆದರು. ಎಕ್ಸ್-ರೇ ಬಂದದ್ದು 1895ರಲ್ಲಿ! ಅವರು ಕೈಯಿಂದ ಮುಟ್ಟಿ, ಎಳೆದು ನೋಡಿಯೇ ಕಂಡುಕೊಂಡಿದ್ದರು. ಹ್ಯೂಸ್ಟನ್ ನಿಲ್ದಾಣದ ಎದುರಿನ ಹಳೆಯ ಕಲ್ಲಿನ ಕಟ್ಟಡವನ್ನು ಲುವಾಸ್‌ನಿಂದ ನೀವೂ ನೋಡಿರುತ್ತೀರಿ. ಅವರು ಕೆಲಸ ಮಾಡಿದ ಡಾಕ್ಟರ್ ಸ್ಟೀವನ್ಸ್ ಆಸ್ಪತ್ರೆ ಅದೇ, 1987ರಲ್ಲಿ ಮುಚ್ಚಿತು.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದಾಗ ಎಲ್ಲ ಮುಗಿಯಿತೆಂದುಕೊಂಡೆ. ಕಷ್ಟ ಶುರುವಾದದ್ದೇ ಆಗ. ಕೈ ಬಡಕಲಾಗಿ ಮರದ ಕೊರಡಿನಂತೆ ಬಿಗಿದುಕೊಂಡಿತ್ತು. ಅಂಗೈ ಮೇಲಾಗುತ್ತಿರಲಿಲ್ಲ, ಅನ್ನ ಕಲಸಲಾಗದೆ ಎಡಗೈಯಲ್ಲಿ ಚಮಚ ಹಿಡಿದೆ. ಮಗಳ ಜಡೆ ಹೆಣೆಯುವುದನ್ನು ಯಜಮಾನರು ಕಲಿತರು. ಊರಿನಿಂದ ಅಮ್ಮ ಫೋನಿನಲ್ಲಿ, "ಬಿಸಿ ಎಣ್ಣೆ ಹಚ್ಚಿ ನೀವಿಕೊಳ್ಳೇ, ಸರಿಹೋಗುತ್ತೆ" ಎನ್ನುತ್ತಿದ್ದರು.

ಫಿಸಿಯೋಥೆರಪಿಸ್ಟ್ ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ: "ಈ ಕೈಯಿಂದ ನಿಮಗೆ ಏನು ಮಾಡಬೇಕಾಗಿದೆ?" ಕೈಯಲ್ಲಿ ಊಟ ಮಾಡಬೇಕು ಎಂದೆ. ಅವರು ನಗಲಿಲ್ಲ, ಬರೆದುಕೊಂಡರು. ಒಂದು ಕೈಯಲ್ಲಿ ನನ್ನ ಮುಂಗೈ ಮೂಳೆಗಳನ್ನು ಭದ್ರವಾಗಿ ಹಿಡಿದು, ಇನ್ನೊಂದರಿಂದ ಮಣಿಕಟ್ಟಿನ ಸಣ್ಣ ಮೂಳೆಗಳನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸಿದರು. ನೋವಾಯಿತು, ಆದರೆ ತಡೆಯುವಷ್ಟು. ಅವರ ಕೈ ಹದಿನೈದು ನಿಮಿಷದಲ್ಲಿ ಬಿಡಿಸಿಕೊಟ್ಟದ್ದನ್ನು ನಾನು ಮನೆಯಲ್ಲಿ ಉಳಿಸಿಕೊಳ್ಳಬೇಕಿತ್ತು.

ಬೆಚ್ಚಗಿನ ನೀರಿನಲ್ಲಿ ಮುಷ್ಟಿ ಕಟ್ಟಿ ಬಿಡಿಸುವುದು, ಮೊಣಕೈಯನ್ನು ಪಕ್ಕೆಗೆ ಒತ್ತಿ ಅಂಗೈ ಮೇಲೆ ಕೆಳಗೆ ತಿರುಗಿಸುವುದು, ದಿನಕ್ಕೆ ಹಲವು ಬಾರಿ. ತೂಕಕ್ಕೆ ಅವರು ಸುತ್ತಿಗೆ ಹೇಳಿದರು, ನಾನು ಲಟ್ಟಣಿಗೆ ಹಿಡಿದೆ. ಕೈಬೆರಳಿಗೆ ಬಲ ಬರಲು ಚಪಾತಿ ಹಿಟ್ಟು. ಕೊನೆಯದರ ಹೆಸರು ಕೇಳಿ ನನಗೆ ನಗು ಬಂತು: ಪ್ರೇಯರ್ ಸ್ಟ್ರೆಚ್. ಎದೆಯ ಮುಂದೆ ಅಂಗೈ ಜೋಡಿಸಿ ಕೈ ಕೆಳಗಿಳಿಸುವುದು, ಅಂದರೆ ನಮ್ಮ ನಮಸ್ಕಾರ! ಹುಟ್ಟಿದಂದಿನಿಂದ ಮಾಡಿದ್ದು ಆ ದಿನ ಅರ್ಧಕ್ಕೇ ನಿಂತಾಗ ನಗು ಹೋಗಿ ಕಣ್ಣು ತುಂಬಿತು.

ಕೆಲವು ದಿನ ಬೇಸರದಿಂದ ಬಿಟ್ಟೆ. ಮರುವಾರ ಅವರ ಕೈಗೆ ತಕ್ಷಣ ತಿಳಿಯಿತು.

ಓದುಗರಲ್ಲಿ ನನ್ನದೊಂದು ವಿನಂತಿ. ಪ್ಲಾಸ್ಟರ್ ಮೂಳೆಯನ್ನಷ್ಟೇ ಕೂಡಿಸುತ್ತದೆ. ಕೈಯನ್ನು ಮರಳಿ ಕೊಡುವುದು ವ್ಯಾಯಾಮ. ಕೆಲಸದ ಗಡಿಬಿಡಿಯಲ್ಲಿ ಫಿಸಿಯೋ ತಪ್ಪಿಸಬೇಡಿ. ಐವತ್ತು ದಾಟಿದವರಿಗೆ ಸಣ್ಣ ಬೀಳಿಗೇ ಮಣಿಕಟ್ಟು ಮುರಿದರೆ ಮೂಳೆ ಸವೆದಿರಬಹುದು. ಡೆಕ್ಸಾ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ. ಬಿಸಿಲು ಕಡಿಮೆಯಿರುವ ಈ ನಾಡಿನಲ್ಲಿ ವಿಟಮಿನ್ ಡಿ ಬಗ್ಗೆಯೂ ವಿಚಾರಿಸಿ.

2011ರ ಏಪ್ರಿಲ್ 4, ಯುಗಾದಿ. ಪ್ಲಾಸ್ಟರ್ ಬಿಚ್ಚಿ ಒಂಬತ್ತು ವಾರವಾಗಿತ್ತು. ಮಗಳು ಬೇವು-ಬೆಲ್ಲದ ಬಟ್ಟಲು ತಂದಳು. ಬಲ ಅಂಗೈ ಸ್ವಲ್ಪ ಓರೆಯಾಗಿಯೇ, ಆದರೂ ಮೇಲಾಗಿ ತೆರೆಯಿತು. ಒಂದು ಎಸಳೂ ಚೆಲ್ಲಲಿಲ್ಲ. ಆಮೇಲೆ ದೇವರ ಮುಂದೆ ಎರಡೂ ಕೈ ಮುಗಿದೆ, ಪೂರ್ತಿಯಾಗಿ.