ಗಣಕದ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ: ತಂತ್ರಾಂಶ ಭಂಡಾರದ ದೃಷ್ಟಿಯಿಂದ

ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಪೋಷಣೆಯು 2025ರ ಅಕ್ಟೋಬರ್ 14ರಂದು ಮುಕ್ತಾಯವಾಯಿತು. ವಿಂಡೋಸ್ 11ಕ್ಕೆ ಬೇಕಾದ ಯಂತ್ರಾಂಶವು ಅನೇಕ ಹಳೆಯ ಗಣಕಗಳಲ್ಲಿಲ್ಲ. ಅವುಗಳನ್ನು ತ್ಯಜಿಸಬೇಕೆ, ಬೇರೊಂದು ವ್ಯವಸ್ಥೆಯಿಂದ ನಡೆಸಬೇಕೆ ಎಂಬ ಪ್ರಶ್ನೆಯು ಈಗ ಕಾಲೇಜುಗಳ ಮುಂದಿದೆ. ತಂತ್ರಾಂಶಗಳನ್ನು ಪಡೆದು ಪಾಲಿಸುವ ಸೌಕರ್ಯದ ದೃಷ್ಟಿಯಿಂದ ಇದನ್ನು ಇಲ್ಲಿ ವಿವೇಚಿಸಲಾಗಿದೆ.

ಯಾವ ತಂತ್ರಾಂಶವೂ ಒಂಟಿಯಾಗಿ ನಿಲ್ಲುವುದು ವಿರಳ. ಅದು ಇತರ ಹಲವನ್ನು ಅವಲಂಬಿಸಿರುತ್ತದೆ. ತಂತ್ರಾಂಶವನ್ನೂ ಅದರ ಅವಲಂಬನೆಗಳ ಪಟ್ಟಿಯನ್ನೂ ಒಟ್ಟಿಗೆ ಕಟ್ಟಿದ ಗಂಟೇ ಪ್ಯಾಕೇಜು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ವ್ಯವಸ್ಥೆಯ 1999ರ ಆವೃತ್ತಿಯೊಡನೆ ‘ಆಪ್ಟ್’ ಎಂಬ ಸಾಧನವು ಬಳಕೆಗೆ ಬಂದಿತು. ಬೇಕಾದ ತಂತ್ರಾಂಶದ ಹೆಸರನ್ನು ತಿಳಿಸಿದರೆ ಸಾಕು. ಅದು ಅವಲಂಬನೆಗಳನ್ನು ತಾನೇ ಗುರುತಿಸಿ, ಎಲ್ಲವನ್ನೂ ಭಂಡಾರದಿಂದ ತಂದು ಸ್ಥಾಪಿಸುತ್ತದೆ. ಭಂಡಾರದ ಪಟ್ಟಿಗೆ ಅಂಕೀಯ ಸಹಿ ಇರುವುದರಿಂದ ನಕಲಿ ಪ್ಯಾಕೇಜು ನುಸುಳುವ ಭಯ ಕಡಮೆ. ವಿಂಡೋಸಿನ ‘ವಿಂಗೆಟ್’ ಕೂಡ ಹೆಸರು ಹೇಳಿದರೆ ತಂತ್ರಾಂಶವನ್ನು ತರುತ್ತದೆ. ಆದರೆ ಬಹುಮಟ್ಟಿಗೆ ಆಯಾ ತಯಾರಕರ ತಾಣಗಳಿಂದ ತರುತ್ತದೆ.

ಸೌಕರ್ಯವೆಂಬುದು ಸ್ಥಳವನ್ನೂ ಅನುಸರಿಸಿದೆ. ಜೇವರ್ಗಿ ತಾಲ್ಲೂಕಿನ ಅಂದೋಲಾದಂತಹ ಊರಿನಲ್ಲಿ ಇಪ್ಪತ್ತು ಗಣಕಗಳ ಪ್ರಯೋಗಶಾಲೆಯೊಂದನ್ನು ಊಹಿಸೋಣ. ಅಂತರಜಾಲ ಮಂದವಾಗಿದ್ದರೆ ಒಂದೇ ಪ್ಯಾಕೇಜನ್ನು ಇಪ್ಪತ್ತು ಬಾರಿ ತರುವುದು ವ್ಯರ್ಥಶ್ರಮ. ಡೆಬಿಯನ್ ಭಂಡಾರದಲ್ಲಿಯೇ ದೊರೆಯುವ ‘ಆಪ್ಟ್-ಕ್ಯಾಷರ್-ಎನ್‌ಜಿ’ಯನ್ನು ಒಂದು ಗಣಕದಲ್ಲಿ ಸ್ಥಾಪಿಸಿದರೆ, ಒಮ್ಮೆ ತಂದುದು ಉಳಿದೆಲ್ಲಕ್ಕೂ ಒದಗುತ್ತದೆ. ಗುಬ್ಬಿ ಮತ್ತು ನವಿಲು ಅಕ್ಷರಶೈಲಿಗಳು, ಕಗಪ ಕೀಲಿಮಣೆ ವಿನ್ಯಾಸ, ಮುದ್ರಿತ ಕನ್ನಡವನ್ನು ಓದುವ ಟೆಸರಾಕ್ಟ್ ದತ್ತಾಂಶ ಇವೂ ಅದೇ ಭಂಡಾರದಲ್ಲಿವೆ.

ಪೋಷಣೆಯ ಅವಧಿಯೂ ಗಣನೀಯ. ಫೆಡೋರಾದ ‘ಡಿಎನ್‌ಎಫ್’ ಸಾಧನವು ಆಪ್ಟ್‌ನಷ್ಟೇ ಸಮರ್ಥ. ಆದರೆ ಅದರ ಪ್ರತಿಯೊಂದು ಆವೃತ್ತಿಗೂ ಸುಮಾರು 13 ತಿಂಗಳ ಆಯುಷ್ಯ. ಆಪ್ಟ್ ಅನ್ನೇ ಬಳಸುವ ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ 5 ವರ್ಷಗಳ ಪೋಷಣೆಯುಂಟು; ಡೆಬಿಯನ್ನಿಗೆ 3 ವರ್ಷಗಳೂ, ಅನಂತರದ ದೀರ್ಘಾವಧಿ ಪೋಷಣೆ ಸೇರಿ 5 ವರ್ಷಗಳೂ ದೊರೆಯುತ್ತವೆ. ಪರಿಣತರು ಹತ್ತಿರದಲ್ಲಿಲ್ಲದ ಕಡೆ ಇವೆರಡರಲ್ಲಿ ಒಂದನ್ನು ಆರಿಸುವುದು ಯುಕ್ತ.

ಎರಡು ಎಚ್ಚರಿಕೆಗಳು ಅವಶ್ಯ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಗಣಕಗಳಿಗೆ ಸ್ಥಾಪಕವಿಲ್ಲ. ಹಳೆಯ ನುಡಿ ಸಂಕೇತದಲ್ಲಿ ಬರೆದಿಟ್ಟ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸದಿದ್ದರೆ ಹೊಸ ವ್ಯವಸ್ಥೆಯಲ್ಲಿ ಅವು ಅರ್ಥವಾಗದ ಚಿಹ್ನೆಗಳಾಗಿ ಕಾಣುವವು. ಆದುದರಿಂದ ಕಡತಗಳ ಪ್ರತಿ ತೆಗೆದಿರಿಸಿ, ಮೊದಲು ಒಂದು ಗಣಕದಲ್ಲಿ ಪರೀಕ್ಷಿಸಿ, ಬಳಿಕ ಉಳಿದವುಗಳಿಗೆ ಕೈಹಾಕುವುದು ಕ್ಷೇಮ.