ಆರನೆಯ ವರ್ಷದ ದವಡೆಹಲ್ಲು

“ಹಾಲುಹಲ್ಲು ಹೇಗೂ ಬೀಳತಕ್ಕದ್ದು, ಅದಕ್ಕೆ ಚಿಕಿತ್ಸೆಯೇಕೆ?” ಮಂಗಳೂರಿನ ಮನೆಗಳಲ್ಲಿ ಈ ಪ್ರಶ್ನೆಯನ್ನು ನಾವು ಎಷ್ಟೋ ಸಲ ಕೇಳಿರುವೆವು. ಉಮಿಕರಿ ಹೋಗಿ ಪೇಸ್ಟು ಬಂದಿತು. ಪ್ರಶ್ನೆ ಮಾತ್ರ ಹೋಗಲಿಲ್ಲ. ಹಾಲುಹಲ್ಲು ಒಸಡಿನೊಳಗೆ ಬೆಳೆಯುತ್ತಿರುವ ಹಲ್ಲಿಗೆ ಸ್ಥಳವನ್ನು ಕಾದಿರಿಸುವುದು. ಅಕಾಲದಲ್ಲಿ ಕಿತ್ತರೆ ನೆರೆಯ ಹಲ್ಲುಗಳು ಅತ್ತ ವಾಲುವುವು.

ಇದಕ್ಕಿಂತ ದೊಡ್ಡ ಪ್ರಮಾದ ಬೇರೊಂದುಂಟು. ಆರನೆಯ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ನಾಲ್ಕು ದವಡೆಹಲ್ಲುಗಳು ಮೂಡುವುವು. ಇವನ್ನೂ ಹಾಲುಹಲ್ಲೆಂದೇ ಬಗೆದು, ಹುಳುಕು ಹತ್ತಿದರೂ ಹೆತ್ತವರು ಸುಮ್ಮನಿರುವರು. ಇವು ಹೋದರೆ ಮರಳಿ ಬಾರವು. ಹುಳುಕು ಹತ್ತುವ ಮುನ್ನವೇ ಇವುಗಳ ಗೀರುಗಳನ್ನು ಲೇಪದಿಂದ ಮುಚ್ಚಿಸಬಹುದು. ನಗರದ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ 1987ರಲ್ಲಿ ಸ್ಥಾಪಿತವಾದ ಮಣಿಪಾಲ ದಂತವೈದ್ಯಕೀಯ ಕಾಲೇಜಿನಲ್ಲಿ ಮಕ್ಕಳ ಹಲ್ಲಿಗಾಗಿಯೇ ವಿಭಾಗವುಂಟು. ಮಗುವಿಗೆ ಆರು ತುಂಬಿದ ತಿಂಗಳಲ್ಲಿ ಒಮ್ಮೆ ಬೆಳಕಿನೆದುರು ಬಾಯಿ ತೆರೆಯಿಸಿ, ದವಡೆಗಳ ಕೊನೆಯನ್ನು ನೋಡಿರಿ.